ಪಾಂಬನ್ ದ್ವೀಪದಲ್ಲಿ ಕಾರಿನೊಂದಿಗೆ ಒಂದು ದಿನ: ತುದಿಯಿಂದ ಶುರು ಮಾಡಿ

ರಾಮೇಶ್ವರಕ್ಕೆ ಹೋಗಿಬಂದವರನ್ನು ‘ಧನುಷ್ಕೋಡಿ ಹೇಗಿತ್ತು?’ ಎಂದು ಕೇಳಿ ನೋಡಿ. ಬಹಳಷ್ಟು ಮಂದಿ ಮೊದಲು ಹೇಳುವುದು ಬಿಸಿಲಿನ ಸುದ್ದಿಯನ್ನು, ಸಮುದ್ರದ ಮಾತು ಆಮೇಲೆ. ಬೆಳಗ್ಗೆ ದೇವಸ್ಥಾನದ ಸರದಿಯಲ್ಲಿ ನಿಂತು, ತಿಂಡಿ ತಿಂದು, ಸಾಮಾನು ಕಟ್ಟಿಕೊಂಡು ಅವರು ಧನುಷ್ಕೋಡಿಯ ಮರಳಿನ ತುದಿಗೆ ತಲುಪುವ ಹೊತ್ತಿಗೆ ನಡುಮಧ್ಯಾಹ್ನವಾಗಿರುತ್ತದೆ. ಅಲ್ಲಿ ನೆರಳು ಕೊಡುವ ಒಂದು ಮರವೂ ಇಲ್ಲ. ಐದು ನಿಮಿಷ ನಿಂತು, ನಾಲ್ಕು ಫೋಟೊ ತೆಗೆದು, ಏಸಿ ಹಾಕಿಕೊಂಡು ವಾಪಸ್.

ನಾನೂ ಮೊದಲ ಸಲ ಹೀಗೆಯೇ ಮಾಡಿದವನು. ಆಮೇಲಿನ ಪ್ರಯಾಣಗಳಲ್ಲಿ ದಿನವನ್ನು ತಿರುಗಿಸಿ ಹಾಕಿದೆ: ನಸುಕಿನಲ್ಲಿ ಸೇತುವೆ ದಾಟಿ, ಊರಿನಲ್ಲಿ ಎಲ್ಲೂ ನಿಲ್ಲದೆ ನೇರವಾಗಿ ದ್ವೀಪದ ಪೂರ್ವದ ತುದಿಗೆ ಹೋಗುವುದು, ಅಲ್ಲಿಂದ ಒಂದೊಂದೇ ಜಾಗ ನೋಡುತ್ತ ಹಿಂದಕ್ಕೆ ಬರುವುದು, ಸಂಜೆಗೆ ಸೇತುವೆಯ ಬಳಿ ಬಂದು ಮುಗಿಸುವುದು. ಹೀಗೆ ಮಾಡಿದರೆ ಒಂದೇ ದಾರಿಯಲ್ಲಿ ಎರಡೆರಡು ಸಲ ಓಡಾಡುವುದು ತಪ್ಪುತ್ತದೆ, ದೇವಸ್ಥಾನದ ಬಾಗಿಲು ಹಾಕುವ ಹೊತ್ತೂ ನಮ್ಮ ಊಟದ ಹೊತ್ತಿಗೆ ಸರಿಹೋಗುತ್ತದೆ. ಈ ಬರಹವನ್ನು ಅದೇ ಕ್ರಮದಲ್ಲಿ ಬರೆದಿದ್ದೇನೆ.

ಮೊದಲು ನಕ್ಷೆಯನ್ನು ತಲೆಯಲ್ಲಿ ಇಟ್ಟುಕೊಳ್ಳಿ

ನಾವು ರಾಮೇಶ್ವರ ಎಂದು ಕರೆಯುವುದು ಪಾಂಬನ್ ದ್ವೀಪದ ಒಂದು ಊರನ್ನು. ದ್ವೀಪ ಪಶ್ಚಿಮದಿಂದ ಆಗ್ನೇಯದ ಕಡೆಗೆ ಸುಮಾರು 30 ಕಿ.ಮೀ. ಚಾಚಿಕೊಂಡಿದೆ. ಪಶ್ಚಿಮದ ತುದಿಯಲ್ಲಿ ಪಾಂಬನ್ ಊರು ಮತ್ತು ಸೇತುವೆ. ಅಲ್ಲಿಂದ ತಂಗಚ್ಚಿಮಡಂ ದಾಟಿ ಹತ್ತು ಹನ್ನೆರಡು ಕಿ.ಮೀ. ಹೋದರೆ ರಾಮೇಶ್ವರ ಪಟ್ಟಣ. ಪಟ್ಟಣದಿಂದ ಆಚೆಗೆ ದ್ವೀಪ ಸಣ್ಣದಾಗುತ್ತ, ಕೊನೆಗೆ ಎರಡು ಕಡಲುಗಳ ನಡುವಿನ ಮರಳಿನ ಪಟ್ಟಿಯಾಗಿ, ಇಪ್ಪತ್ತು ಕಿ.ಮೀ.ಗೆ ತುಸು ಹೆಚ್ಚಿನ ದೂರದಲ್ಲಿ ಅರಿಚಲ್ ಮುನೈ ಎಂಬಲ್ಲಿ ಮುಗಿಯುತ್ತದೆ. ತಮಿಳಿನ ‘ಮುನೈ’ ನಮ್ಮ ‘ಮೊನೆ’ಯೇ. ಅರಿಚಲ್ ಮುನೈ ಎಂದರೆ ಕಡಲು ಕೊರೆಯುತ್ತಿರುವ ಮೊನೆ. ಹೆಸರಿಟ್ಟವರು ಜಾಗವನ್ನು ಸರಿಯಾಗಿ ನೋಡಿಯೇ ಇಟ್ಟಿದ್ದಾರೆ.

ದ್ವೀಪಕ್ಕೆ ಕಾರಿನ ದಾರಿ ಒಂದೇ, ಅದೇ ರಾಷ್ಟ್ರೀಯ ಹೆದ್ದಾರಿ 87. ಮಧುರೈ ಕಡೆಯಿಂದ ಬರುವ ಈ ರಸ್ತೆ ಸೇತುವೆ ದಾಟಿ, ಊರನ್ನು ಮುಟ್ಟಿ, ಧನುಷ್ಕೋಡಿಯವರೆಗೆ ಹೋಗುತ್ತದೆ. ದಾರಿ ತಪ್ಪುವ ಭಯವಂತೂ ಇಲ್ಲ.

ಯಾವಾಗ ಹೋಗಬೇಕು

ಜನವರಿಯಿಂದ ಮಾರ್ಚ್ ಆರಂಭದವರೆಗೆ ಉತ್ತಮ. ಏಪ್ರಿಲ್, ಮೇ ತಿಂಗಳಲ್ಲಿ ಬೆಳಗ್ಗೆ ಒಂಬತ್ತಕ್ಕೇ ಮರಳು ಕಾದಿರುತ್ತದೆ. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಈಶಾನ್ಯ ಮಳೆಗಾಲ. ನಮ್ಮೂರಿನ ಮಳೆ ನಿಂತಿದೆ ಎಂದು ಹೊರಟವರಿಗೆ ಅಲ್ಲಿ ಮಳೆ ಆಗಷ್ಟೇ ಶುರುವಾಗಿರುತ್ತದೆ. ಬಂಗಾಳಕೊಲ್ಲಿಯಲ್ಲಿ ವಾಯುಭಾರ ಕುಸಿತ ಎಂಬ ಸುದ್ದಿ ಬಂದರೆ ಪಾಂಬನ್ ಬಂದರಿನಲ್ಲಿ ಚಂಡಮಾರುತದ ಎಚ್ಚರಿಕೆಯ ಗೂಡು ಏರಿಸುತ್ತಾರೆ. ತಮಿಳು ಸುದ್ದಿಯಲ್ಲಿ ‘ಒಂದನೇ ನಂಬರ್ ಪುಯಲ್ ಕೂಂಡು’ ಎಂದು ಕೇಳಿದರೆ ಅದೇ. ಅಂಥ ದಿನ ಧನುಷ್ಕೋಡಿಯ ಕಡೆಗೆ ಪೊಲೀಸರು ಬಿಡುವುದಿಲ್ಲ, ಬಿಟ್ಟರೂ ಹೋಗಬೇಡಿ.

ಪಂಚಾಂಗವನ್ನೂ ಒಮ್ಮೆ ತಿರುವಿಹಾಕಿ. ಆಷಾಢದ ಅಮಾವಾಸ್ಯೆ, ಅಂದರೆ ನಮ್ಮ ಭೀಮನ ಅಮಾವಾಸ್ಯೆಯ ದಿನ, ಮಹಾಲಯ ಅಮಾವಾಸ್ಯೆ ಮತ್ತು ಪುಷ್ಯ ಮಾಸದ ಅಮಾವಾಸ್ಯೆ: ಈ ಮೂರು ದಿನ ಪಿತೃಕಾರ್ಯಕ್ಕೆ ಬರುವ ಜನರಿಂದ ಊರು ತುಂಬಿ ತುಳುಕುತ್ತದೆ. ಕಾರ್ಯಕ್ಕೆಂದೇ ಹೋಗುವವರ ಮಾತು ಬೇರೆ. ದ್ವೀಪ ಸುತ್ತಲು ಹೋಗುವವರು ಈ ದಿನಗಳನ್ನು ಬಿಡಿ. ಶಬರಿಮಲೆಗೆ ಮಾಲೆ ಹಾಕಿದವರು ಹಾದುಹೋಗುವ ವಾರಗಳಲ್ಲೂ ಕಾರು ನಿಲ್ಲಿಸುವ ಜಾಗ ಸಿಗುವುದು ಕಷ್ಟ.

ಹಿಂದಿನ ರಾತ್ರಿ ಎಲ್ಲಿ ಮಲಗಬೇಕು

ಬೆಂಗಳೂರಿನಿಂದ ರಾಮೇಶ್ವರ ಸುಮಾರು 600 ಕಿ.ಮೀ. ಹೊಸೂರು, ಕೃಷ್ಣಗಿರಿ, ಸೇಲಂ, ದಿಂಡಿಗಲ್, ಮಧುರೈ ದಾರಿ. ಒಂದೇ ದಮ್ಮಿಗೆ ಹೊಡೆದು, ಮರುದಿನ ಕಣ್ಣು ಕೆಂಪಗೆ ಮಾಡಿಕೊಂಡು ದ್ವೀಪ ನೋಡುವುದರಲ್ಲಿ ಅರ್ಥವಿಲ್ಲ. ಮಧುರೈಯಲ್ಲಿ ಮಲಗಿದರೆ ಬೆಳಗ್ಗೆ ಇನ್ನೂ 170 ಕಿ.ಮೀ. ಉಳಿದಿರುತ್ತದೆ, ಎರಡೂವರೆಗೋ ಮೂರಕ್ಕೋ ಏಳಬೇಕು. ನನ್ನ ಆಯ್ಕೆ ರಾಮನಾಥಪುರ. ಅಲ್ಲಿಂದ ರಾಮೇಶ್ವರ 55 ಕಿ.ಮೀ. ಮಾತ್ರ, ತಂಗುವ ಖರ್ಚೂ ದೇವಸ್ಥಾನದ ಬೀದಿಗಿಂತ ಕಡಿಮೆ. ಮಧುರೈಯಿಂದ ಪರಮಕುಡಿಯವರೆಗೆ ನಾಲ್ಕು ಪಥದ ರಸ್ತೆ ಆರಾಮ. ಆಚೆಗೆ ರಸ್ತೆ ಕಿರಿದಾಗುತ್ತದೆ, ರಾತ್ರಿ ಎದುರಿನ ಬಸ್ಸುಗಳು ದೀಪ ತಗ್ಗಿಸುವುದಿಲ್ಲ. ಕತ್ತಲಾಗುವ ಮೊದಲು ಈ ಭಾಗವನ್ನು ದಾಟಿಬಿಡಿ.

ಮಲಗುವ ಮುನ್ನ ನಾಲ್ಕು ಕೆಲಸ ಮುಗಿಸಿ. ಟ್ಯಾಂಕ್ ತುಂಬಿಸಿ, ರಾಮೇಶ್ವರ ಪಟ್ಟಣ ದಾಟಿದ ಮೇಲೆ ಪೆಟ್ರೋಲ್ ಬಂಕಿನ ಆಸೆ ಇಟ್ಟುಕೊಳ್ಳಬೇಡಿ. ವೈಪರ್‌ನ ನೀರಿನ ಡಬ್ಬಿ ತುಂಬಿಸಿ. ಟಯರಿಗೆ ಗಾಳಿ ತುಂಬುವ ಸಣ್ಣ ಪಂಪ್ ಕಾರಿನಲ್ಲಿದೆಯೇ ನೋಡಿ. ಮತ್ತು, ಎಲ್ಲಕ್ಕಿಂತ ಮುಖ್ಯವಾಗಿ, ಧನುಷ್ಕೋಡಿಯ ತಪಾಸಣಾ ಕಟ್ಟೆಯಲ್ಲಿ ಬೆಳಗ್ಗೆ ಎಷ್ಟು ಹೊತ್ತಿಗೆ ಬಿಡುತ್ತಿದ್ದಾರೆ ಎಂದು ಹೋಟೆಲಿನವರನ್ನು ಕೇಳಿ. ಸಾಮಾನ್ಯವಾಗಿ ಆರರ ಸುಮಾರಿಗೆ ಬಿಡುತ್ತಾರೆ, ಸಂಜೆ ಕತ್ತಲಾಗುವ ಮೊದಲು ಎಲ್ಲರನ್ನೂ ಹೊರಡಿಸುತ್ತಾರೆ. ಆದರೆ ಗಾಳಿ, ಮಳೆ, ಬಂದೋಬಸ್ತು ನೋಡಿ ಇದು ಬದಲಾಗುತ್ತದೆ. ಬೆಳಗಿನ ತಿಂಡಿಯನ್ನೂ ಕಟ್ಟಿಸಿಕೊಳ್ಳಿ. ಇಡ್ಲಿಗೆ ಚಟ್ನಿಪುಡಿ ಎಣ್ಣೆ ಕಲಸಿ ಹಚ್ಚಿಸಿಕೊಂಡರೆ ಬೆಳಗಿನವರೆಗೆ ಕೆಡುವುದಿಲ್ಲ.

ಬೆಳಗ್ಗೆ 5: ಸೇತುವೆಯನ್ನು ಸುಮ್ಮನೆ ದಾಟಿ

ಐದಕ್ಕೆ ರಾಮನಾಥಪುರ ಬಿಟ್ಟರೆ ಉಚ್ಚಿಪುಳಿ, ಮಂಡಪಂ ದಾಟಿ ಬೆಳಕು ಹರಿಯುವ ಹೊತ್ತಿಗೆ ಸೇತುವೆಯ ಮೇಲಿರುತ್ತೀರಿ. ಎರಡು ಕಿ.ಮೀ.ಗೂ ಉದ್ದದ ಈ ರಸ್ತೆ ಸೇತುವೆಗೆ ಇಂದಿರಾ ಗಾಂಧಿಯವರು 1974ರಲ್ಲಿ ಅಡಿಗಲ್ಲು ಹಾಕಿದರು, ಮುಗಿದು ಉದ್ಘಾಟನೆಯಾದದ್ದು 1988ರಲ್ಲಿ. ಅದಕ್ಕೆ ಮೊದಲು ದ್ವೀಪಕ್ಕೆ ರೈಲು ಅಥವಾ ದೋಣಿ, ಎರಡೇ ದಾರಿ.

ಸೇತುವೆಯ ನಡುವೆ ರಸ್ತೆ ಬಿಲ್ಲಿನಂತೆ ಮೇಲೇರುತ್ತದೆ. ಅಡಿಯಲ್ಲಿ ದೋಣಿಗಳು ಹಾಯಬೇಕಲ್ಲ. ಆ ಎತ್ತರಕ್ಕೆ ಬಂದಾಗ ಎರಡೂ ಕಡೆ ನೀರು, ಪಕ್ಕದಲ್ಲಿ ರೈಲು ಸೇತುವೆ, ಕೆಳಗೆ ಬಣ್ಣದ ದೋಣಿಗಳು ಒಟ್ಟಿಗೆ ಕಾಣಿಸುತ್ತವೆ, ಕಾಲು ತನ್ನಷ್ಟಕ್ಕೆ ಬ್ರೇಕಿನ ಮೇಲೆ ಹೋಗುತ್ತದೆ. ನಿಲ್ಲಿಸಬೇಡಿ. ಸೇತುವೆಯ ಮೇಲೆ ವಾಹನ ನಿಲ್ಲಿಸುವಂತಿಲ್ಲ, ಹಿಂದಿನಿಂದ ಬರುವ ಬಸ್ಸಿಗೆ ಏರಿನ ಆಚೆ ನಿಂತ ಕಾರು ಕಾಣುವುದೂ ಇಲ್ಲ. ಹತ್ತು ಕಾರು ನಿಂತಿವೆಯೆಂದು ಹನ್ನೊಂದನೆಯದು ನಿಮ್ಮದಾಗುವುದು ಬೇಡ. ಸಂಜೆ ಇಲ್ಲಿಗೇ ಬರುತ್ತೇವೆ, ಆಗ ನೋಡಲು ಬೇಕಾದಷ್ಟು ಹೊತ್ತಿರುತ್ತದೆ.

ಪಟ್ಟಣದಲ್ಲಿ ಶೌಚಾಲಯಕ್ಕೆ ಮಾತ್ರ ನಿಲ್ಲಿ. ಮುಂದೆ ಅದರ ಅನುಕೂಲ ಅಷ್ಟಕ್ಕಷ್ಟೇ.

ಎರಡು ಕಡಲಿನ ನಡುವಿನ ರಸ್ತೆ

ಪಟ್ಟಣ ಬಿಟ್ಟ ಮೇಲೆ ಸರ್ವೆ ಮರಗಳು, ಮುಳ್ಳಿನ ಜಾಲಿ, ಅಲ್ಲೊಂದು ಇಲ್ಲೊಂದು ತಾಳೆ ಮರ. ಆಮೇಲೆ ಅವೂ ಇಲ್ಲ. ಮುಕುಂದರಾಯರ್ ಛತ್ರಂ ಎಂಬಲ್ಲಿಂದ ಅರಿಚಲ್ ಮುನೈವರೆಗಿನ ಕೊನೆಯ ಒಂಬತ್ತೂವರೆ ಕಿ.ಮೀ. ಡಾಂಬರು ರಸ್ತೆ ಬಂದದ್ದು 2017ರಲ್ಲಿ. ಅದಕ್ಕೆ ಮೊದಲು ಸ್ವಂತ ಕಾರನ್ನು ಹಿಂದೆಯೇ ಬಿಟ್ಟು, ಕಿಕ್ಕಿರಿದ ವ್ಯಾನುಗಳಲ್ಲಿ ಕುಳಿತು, ಮರಳು ಮತ್ತು ನೀರಿನ ನಡುವೆ ಸೊಂಟ ಮುರಿದುಕೊಂಡು ಹೋಗಬೇಕಿತ್ತು.

ಈ ರಸ್ತೆಯಲ್ಲಿ ತುದಿಯ ಕಡೆಗೆ ಹೋಗುವಾಗ ನಿಮ್ಮ ಎಡಗಡೆ ಇರುವುದು ಪಾಕ್ ಕೊಲ್ಲಿಯ ನೀರು. ಊರಿನವರು ಬಂಗಾಳಕೊಲ್ಲಿ ಎಂದೇ ಹೇಳುತ್ತಾರೆ. ಬಲಗಡೆ ಮನ್ನಾರ್ ಕೊಲ್ಲಿ, ಅವರ ಮಾತಿನಲ್ಲಿ ಹಿಂದೂ ಮಹಾಸಾಗರ. ಮೀನುಗಾರರು ಎಡಗಡೆಯದನ್ನು ‘ಪೆಣ್ ಕಡಲ್’, ಬಲಗಡೆಯದನ್ನು ‘ಆಣ್ ಕಡಲ್’ ಎನ್ನುತ್ತಾರೆ. ಹೆಣ್ಣು ಕಡಲು ಕೆರೆಯಂತೆ ತೆಪ್ಪಗೆ, ಗಂಡು ಕಡಲು ಅಬ್ಬರದಲ್ಲಿ. ಆದರೆ ಇದು ವರ್ಷಪೂರ್ತಿ ನಿಜವಲ್ಲ. ನೈಋತ್ಯ ಮಾರುತದ ತಿಂಗಳುಗಳಲ್ಲಿ ಬಲಗಡೆಯ ಕಡಲು ಏಳುತ್ತದೆ. ಈಶಾನ್ಯ ಗಾಳಿ ಶುರುವಾದರೆ ತೆಪ್ಪಗಿದ್ದ ಎಡಗಡೆಯದೂ ಕೆರಳುತ್ತದೆ. ಒಂದೇ ಗಾಜಿನಲ್ಲಿ ಎರಡು ಬೇರೆ ಬೇರೆ ಸಮುದ್ರ ನೋಡುವ ಈ ಅನುಭವಕ್ಕಾಗಿಯೇ ಬೆಳಗಿನ ಹೊತ್ತು ಬೇಕು. ನೆತ್ತಿಯ ಮೇಲೆ ಸೂರ್ಯ ಬಂದರೆ ಎರಡೂ ಬರೀ ಕಣ್ಣು ಕುಕ್ಕುವ ಬೆಳ್ಳಿ ತಗಡು.

ಕಾರು ಓಡಿಸುವವರಿಗೆ ಇಲ್ಲಿ ಮೂರು ತೊಂದರೆಗಳು. ಒಂದು, ಎದುರಿಗೇ ಹುಟ್ಟುವ ಸೂರ್ಯ. ಎರಡನೆಯದು ಉಪ್ಪು. ಗಾಳಿಯಲ್ಲಿ ಹಾರಿ ಬರುವ ಕಡಲಿನ ತುಂತುರು ಗಾಜಿನ ಮೇಲೆ ಕಣ್ಣಿಗೆ ಕಾಣದ ಪೊರೆಯಂತೆ ಕೂರುತ್ತದೆ, ಎದುರು ಬಿಸಿಲು ಬಿದ್ದ ಕೂಡಲೇ ಹಾಲಿನಂತೆ ಬೆಳ್ಳಗಾಗುತ್ತದೆ. ಆಗ ಒಣ ವೈಪರ್ ಹಾಕಿದಿರೋ, ಪೂರ್ತಿ ಕೆಟ್ಟಿತು. ಮೊದಲು ನೀರು ಚಿಮ್ಮಿಸಿ, ಆಮೇಲೆ ವೈಪರ್. ಮೂರನೆಯದು ಮರಳು. ಗಾಳಿ ಜೋರಾಗಿದ್ದ ದಿನ ಡಾಂಬರಿನ ಮೇಲೆ ಮರಳಿನ ನಾಲಿಗೆಗಳು ಅಡ್ಡ ಬಿದ್ದಿರುತ್ತವೆ. ಅದರ ಮೇಲೆ ಬ್ರೇಕ್ ಒತ್ತಬೇಡಿ, ಸ್ಟಿಯರಿಂಗ್ ತಿರುಗಿಸಬೇಡಿ. ನಿಧಾನವಾಗಿ ನೇರ ದಾಟಿ.

ಕಾರು ನಿಲ್ಲಿಸಿದಾಗ ಬಾಗಿಲು ತೆರೆಯುವ ಮುನ್ನ ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ನೋಡಿ. ಹಿಂದಿನಿಂದ ಬೀಸುವ ಗಾಳಿ ಬಾಗಿಲನ್ನು ಕೈಯಿಂದ ಕಿತ್ತು ಹಿಂಜಿನವರೆಗೆ ಮಡಚುತ್ತದೆ. ಮೂತಿಯನ್ನು ಗಾಳಿಗೆ ಎದುರಾಗಿ ಇಟ್ಟು ನಿಲ್ಲಿಸುವುದು ಜಾಣತನ.

ಮರಳಿಗೆ ಇಳಿಯಬೇಡಿ, ಇಳಿದರೆ ಹೀಗೆ ಮಾಡಿ

ಇದನ್ನು ಅನುಭವದಿಂದ ಹೇಳುತ್ತಿದ್ದೇನೆ. ಎರಡನೆಯ ಸಲ ಹೋದಾಗ, ಹಿಂದೆ ಕಡಲು ಬರುವಂತೆ ಕಾರಿನ ಫೋಟೊ ತೆಗೆಯುವ ಚಪಲಕ್ಕೆ ರಸ್ತೆಯಂಚಿನಿಂದ ಎರಡು ಮಾರು ಕೆಳಗಿಳಿಸಿದೆ. ಮೇಲೆ ನೋಡಲು ಗಟ್ಟಿ ನೆಲ. ಮುಂದಿನ ಎಡ ಚಕ್ರ ಹಪ್ಪಳ ಮುರಿದಂತೆ ಸಣ್ಣ ಸದ್ದು ಮಾಡಿ ಕುಸಿಯಿತು. ಗಾಬರಿಯಲ್ಲಿ ಆಕ್ಸಿಲರೇಟರ್ ಒತ್ತಿದೆ, ಚಕ್ರ ಗಿರ್ರನೆ ತಿರುಗಿ ತನ್ನ ಗುಂಡಿಯನ್ನು ತಾನೇ ತೋಡಿಕೊಂಡಿತು. ಅರ್ಧ ನಿಮಿಷದಲ್ಲಿ ಕಾರಿನ ಹೊಟ್ಟೆ ನೆಲಕ್ಕೆ ತಾಗಿತ್ತು.

ಬಲೆ ಬಿಡಿಸುತ್ತ ಕುಳಿತಿದ್ದ ಹಿರಿಯ ಮೀನುಗಾರರೊಬ್ಬರು ಎದ್ದು ಬಂದು, ಬಗ್ಗಿ ನೋಡಿ, ‘ಮಣಲ್, ಸಾರ್’ ಎಂದರು. ಅಷ್ಟೇ. ನನಗೆ ತಮಿಳು ಅಷ್ಟಾಗಿ ಬರುವುದಿಲ್ಲ, ಆದರೆ ನಮ್ಮ ಹಳೆಯ ಮಾತಿನ ‘ಮಳಲ್’ ಅಲ್ಲಿ ನಿಂತು ನಗುತ್ತಿದ್ದದ್ದು ಕೇಳಿಸಿತು. ಅವರು ಎಂಜಿನ್ ಆರಿಸಲು ಕೈಸನ್ನೆ ಮಾಡಿದರು. ಚಕ್ರದ ಹಿಂದಿನ ಮರಳನ್ನು ಕೈಯಿಂದಲೇ ಇಳಿಜಾರಾಗಿ ತೋಡಿದರು. ಮುಂದಿನ ಎರಡೂ ಟಯರಿನ ಗಾಳಿಯನ್ನು ಕಡ್ಡಿಯಿಂದ ಅದುಮಿ ಇಳಿಸಿದರು. ಕಾಲೊರಸಿನ ಮ್ಯಾಟುಗಳನ್ನು ಬೋರಲು ಹಾಕಿ, ಅಂದರೆ ಒರಟು ಮೈ ಟಯರಿಗೆ ತಾಗುವಂತೆ, ಚಕ್ರದಡಿಗೆ ತುರುಕಿದರು. ರಿವರ್ಸ್ ಹಾಕಿ ಕ್ಲಚ್ಚನ್ನು ಮೆಲ್ಲಗೆ ಬಿಡಬೇಕು, ಸ್ಟಿಯರಿಂಗ್ ನೇರ ಇರಬೇಕು. ಇಳಿದು ಬಂದ ಜಾಡಿನಲ್ಲೇ ಹಿಂದಕ್ಕೆ. ಮೂವರು ತಳ್ಳಿದರು, ಬಂತು.

ಆ ಕ್ರಮವನ್ನು ಹಾಗೆಯೇ ನೆನಪಿಟ್ಟುಕೊಳ್ಳಿ: ಚಕ್ರ ಜಾರಿದ ಕ್ಷಣವೇ ಕಾಲು ತೆಗೆಯುವುದು, ಎಲ್ಲರೂ ಇಳಿಯುವುದು, ತೋಡುವುದು, ಟಯರಿನ ಗಾಳಿಯನ್ನು 20 ಪಿಎಸ್‌ಐ ಆಸುಪಾಸಿಗೆ ಇಳಿಸುವುದು, ಒರಟಾದ್ದೇನಾದರೂ ಅಡಿಗೆ ಕೊಡುವುದು, ಬಂದ ದಾರಿಯಲ್ಲೇ ಹಿಂದೆ ಸರಿಯುವುದು. ಗಾಳಿ ಇಳಿದ ಟಯರು ಅಗಲವಾಗಿ ಹರಡಿ ಮರಳಿನ ಮೇಲೆ ನಿಲ್ಲುತ್ತದೆ, ಮುಳುಗುವುದಿಲ್ಲ. ರಸ್ತೆಗೆ ಬಂದ ಮೇಲೆ ಪಂಪಿನಿಂದ ಮತ್ತೆ ತುಂಬಿಸದೆ ವೇಗ ಹೆಚ್ಚಿಸಬೇಡಿ. ತಳ್ಳಿದವರಿಗೆ ಹಣ ಕೊಡಲು ಹೋದರೆ ಆ ಹಿರಿಯರು ಬೇಡವೆಂದರು, ಪಕ್ಕದ ಗುಡಿಸಲಿನ ಅಂಗಡಿ ತೋರಿಸಿದರು. ಎಲ್ಲರೂ ಅಲ್ಲಿ ಚಹಾ ಕುಡಿದೆವು.

ಮೊನೆಯ ಮೇಲೆ

ರಸ್ತೆ ಅಶೋಕ ಸ್ತಂಭದ ಲಾಂಛನವಿರುವ ವೃತ್ತಕ್ಕೆ ಬಂದು ಮುಗಿಯುತ್ತದೆ. ಏಳರ ಹೊತ್ತಿಗೆ ತಲುಪಿದರೆ ಬೆರಳೆಣಿಕೆಯ ಕಾರುಗಳಿರುತ್ತವೆ. ಇಲ್ಲಿಂದ ಶ್ರೀಲಂಕಾದ ತಲೈಮನ್ನಾರ್ ಸುಮಾರು 30 ಕಿ.ಮೀ.; ಬೆಂಗಳೂರಿನಿಂದ ನೆಲಮಂಗಲಕ್ಕೆ ಹೋಗುವ ದೂರಕ್ಕಿಂತ ಅಷ್ಟೇನೂ ಹೆಚ್ಚಲ್ಲ. ನಡುವೆ ಸಾಲಾಗಿರುವ ಮರಳಿನ ದಿಬ್ಬಗಳೇ ರಾಮಸೇತು ಎಂದು ನಾವು ಕೇಳಿ ಬೆಳೆದದ್ದು. ಇಲ್ಲಿಂದ ಸೇತುವೆಯ ರೂಪದಲ್ಲಿ ಕಣ್ಣಿಗೇನೂ ಕಾಣುವುದಿಲ್ಲ. ನೀರಿನ ಬಣ್ಣ ಎಲ್ಲಿ ತೆಳುವಾಗುತ್ತದೆ, ಅಲೆ ಎಲ್ಲಿ ನಡುಗಡಲಿನಲ್ಲೇ ಒಡೆಯುತ್ತದೆ ಎಂದು ನೋಡುತ್ತ ನಿಂತರೆ ಅಡಿಯ ದಿಬ್ಬದ ಗುರುತು ಸಿಗಬಹುದು.

ಎರಡು ಕಡೆಯ ಅಲೆಗಳು ಬಂದು ಡಿಕ್ಕಿ ಹೊಡೆಯುವ ಜಾಗ ಇದು. ನೀರಿಗೆ ಇಳಿಯಬೇಡಿ. ಮೊಣಕಾಲುದ್ದ ನೀರಿನಲ್ಲೂ ಅಡಿಯ ಮರಳು ಜಾರುತ್ತದೆ, ಸೆಳೆತ ಯಾವ ದಿಕ್ಕಿನಿಂದ ಬರುತ್ತದೆ ಎಂದು ಹೇಳಲಾಗದು. ಮಕ್ಕಳ ಕೈ ಬಿಡಬೇಡಿ. ಆಡಲು ಆಸೆಯಿದ್ದರೆ ಊರಿನ ಅಗ್ನಿತೀರ್ಥದ ನಿಂತ ನೀರು ಇದ್ದೇ ಇದೆ. ಕಟ್ಟಿಸಿಕೊಂಡ ಇಡ್ಲಿಯನ್ನು ಇಲ್ಲಿಯೇ ಬಿಚ್ಚಿ, ಆದರೆ ಕಾರಿನೊಳಗೆ ಕುಳಿತು. ಹೊರಗೆ ತಿಂದರೆ ಹಲ್ಲಿನಡಿ ಮರಳು ಕರಕರ ಎನ್ನುತ್ತದೆ.

ಹಿಂದಿರುಗುವಾಗ ನಾಲ್ಕೈದು ಕಿ.ಮೀ.ಗೆ ಹಳೆಯ ಧನುಷ್ಕೋಡಿ ಊರು, ಅಥವಾ ಅದರ ಉಳಿಕೆ. 1914ರಲ್ಲಿ ಪಾಂಬನ್ ರೈಲು ಸೇತುವೆ ತೆರೆದ ಮೇಲೆ ಮದರಾಸಿನಿಂದ ಹೊರಟ ‘ಬೋಟ್ ಮೇಲ್’ ರೈಲು ಇಲ್ಲಿಯವರೆಗೆ ಬರುತ್ತಿತ್ತು. ಪ್ರಯಾಣಿಕರು ಇಲ್ಲಿಳಿದು ಹಡಗು ಹತ್ತಿ ತಲೈಮನ್ನಾರ್‌ಗೆ ಹೋಗಿ, ಅಲ್ಲಿಂದ ಕೊಲಂಬೊ ರೈಲು ಹಿಡಿಯುತ್ತಿದ್ದರು. ರೈಲು ನಿಲ್ದಾಣ, ಅಂಚೆ ಕಚೇರಿ, ಶಾಲೆ, ಇಗರ್ಜಿ ಎಲ್ಲ ಇದ್ದ ಊರು. 1964ರ ಡಿಸೆಂಬರ್ 22ರ ರಾತ್ರಿ ಚಂಡಮಾರುತ ಅಪ್ಪಳಿಸಿತು. ಪಾಂಬನ್‌ನಿಂದ ಹೊರಟು ಊರು ಮುಟ್ಟಲು ಸ್ವಲ್ಪವೇ ದೂರವಿದ್ದ 653ನೇ ನಂಬರಿನ ಪ್ಯಾಸೆಂಜರ್ ರೈಲನ್ನು ಅಲೆ ಎಳೆದುಕೊಂಡು ಹೋಯಿತು. ಅದರಲ್ಲಿದ್ದ ನೂರಕ್ಕೂ ಹೆಚ್ಚು ಮಂದಿಯಲ್ಲಿ ಯಾರೂ ಉಳಿಯಲಿಲ್ಲ. ಊರು ವಾಸಕ್ಕೆ ಯೋಗ್ಯವಲ್ಲ ಎಂದು ಸರ್ಕಾರ ಆಮೇಲೆ ಘೋಷಿಸಿತು.

ಇಗರ್ಜಿಯ ಗೋಡೆಯ ಹತ್ತಿರ ಹೋಗಿ, ಕಲ್ಲನ್ನು ಕಣ್ಣಿನಿಂದ ಒಂದು ಗೇಣು ದೂರದಲ್ಲಿ ನೋಡಿ. ಅದು ಬಂಡೆಯಲ್ಲ, ಹವಳದ ಕಲ್ಲು. ಜೇನುಗೂಡಿನಂತೆ ಸಣ್ಣ ಸಣ್ಣ ಕಣ್ಣುಗಳು, ನಡುವೆ ಮೆದುಳಿನ ಸುರುಳಿಯಂಥ ಗೆರೆಗಳು. ಕಡಲಿನಿಂದ ತೆಗೆದು ಕಟ್ಟಿದ್ದನ್ನು ಕಡಲಿನ ಗಾಳಿಯೇ ಪುಡಿ ಮಾಡಿ ಕೆಳಕ್ಕೆ ಉದುರಿಸುತ್ತಿದೆ. ಒಂದು ಚೂರು ನೆನಪಿಗೆಂದು ಒಯ್ಯಬೇಡಿ.

ಇಲ್ಲಿ ಈಗಲೂ ಮೀನುಗಾರರ ಗುಡಿಸಲುಗಳಿವೆ. ಅವರು ಮರಳಿನಲ್ಲಿ ಮೂರು ನಾಲ್ಕು ಅಡಿ ತೋಡಿ ಕುಡಿಯುವ ನೀರು ತೆಗೆಯುತ್ತಾರೆ. ಎರಡೂ ಕಡೆ ಉಪ್ಪು ನೀರಿದ್ದೂ ನಡುವೆ ಸಿಹಿನೀರು ಹೇಗೆ ಎಂದು ಆಶ್ಚರ್ಯಪಡುವವರೇ ಹೆಚ್ಚು. ಮಳೆಯ ನೀರು ಮರಳಿನಲ್ಲಿ ಇಂಗಿ, ಉಪ್ಪು ನೀರಿಗಿಂತ ಹಗುರವಾದ್ದರಿಂದ ಅದರ ಮೇಲೆ ತೇಲುತ್ತಿರುತ್ತದೆ. ತೀರಾ ಆಳ ತೋಡಿದರೆ ಉಪ್ಪೇ ಸಿಗುತ್ತದೆ. ಸಸ್ಯಾಹಾರಿಗಳಲ್ಲದವರಿಗೆ ಇಲ್ಲಿನ ಗುಡಿಸಲು ಅಂಗಡಿಗಳಲ್ಲಿ ಹುರಿದ ಮೀನು ಸಿಗುತ್ತದೆ. ಹುರಿಯುವ ಮೊದಲು ಮೀನನ್ನು ತೋರಿಸಲು ಹೇಳಿ ಬೆಲೆ ಕೇಳಿ. ಏಪ್ರಿಲ್ 15ರಿಂದ ಜೂನ್ 14ರವರೆಗೆ ಪೂರ್ವ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ ಇರುವುದರಿಂದ ಆಗ ಮೀನು ಕಡಿಮೆ, ಬೆಲೆ ಹೆಚ್ಚು.

ಇನ್ನೂ ಹಿಂದಕ್ಕೆ ಬಂದರೆ ಕೋದಂಡರಾಮಸ್ವಾಮಿ ದೇವಸ್ಥಾನ. ವಿಭೀಷಣ ರಾಮನಿಗೆ ಶರಣಾದ ಜಾಗ ಎಂಬ ನಂಬಿಕೆ. 1964ರ ಗಾಳಿಗೆ ಸುತ್ತಲಿನದೆಲ್ಲ ಹೋದರೂ ಇದು ನಿಂತಿತು. ಚಳಿಗಾಲದಲ್ಲಿ ಈ ಭಾಗದ ಹಿನ್ನೀರಿಗೆ ರಾಜಹಂಸಗಳು ಬರುತ್ತವೆ. 2025ರಲ್ಲಿ ತಮಿಳುನಾಡು ಸರ್ಕಾರ ಧನುಷ್ಕೋಡಿಯಲ್ಲಿ ಅವುಗಳಿಗಾಗಿ ಅಭಯಾರಣ್ಯ ಘೋಷಿಸಿತು. ದುರ್ಬೀನು ಇದ್ದರೆ ಕಾರಿನಲ್ಲಿಟ್ಟುಕೊಳ್ಳಿ. ಹಾರ್ನ್ ಬೇಡ.

ಹತ್ತೂವರೆಯಿಂದ ಒಂದು: ದೇವಸ್ಥಾನ

ರಾಮನಾಥಸ್ವಾಮಿ ದೇವಸ್ಥಾನ ಮಧ್ಯಾಹ್ನ ಒಂದರ ಸುಮಾರಿಗೆ ಬಾಗಿಲು ಹಾಕಿ ಮೂರಕ್ಕೆ ತೆರೆಯುತ್ತದೆ. ಇಪ್ಪತ್ತೆರಡು ತೀರ್ಥಗಳ ಸ್ನಾನ ಮಾಡುವವರಿದ್ದರೆ ಹತ್ತಕ್ಕೇ ಊರಿನಲ್ಲಿರಿ; ಬರೀ ದರ್ಶನವಾದರೆ ಹತ್ತೂವರೆಗೆ ಬಂದರೂ ನಡೆಯುತ್ತದೆ. ಕಾರನ್ನು ರಥಬೀದಿಗಳಿಗೆ ತರುವ ಪ್ರಯತ್ನ ಬೇಡ. ಹೊರಗಿನ ನಿಲುಗಡೆಯಲ್ಲಿ ಬಿಟ್ಟು ಆಟೊ ಹಿಡಿಯಿರಿ, ಅಥವಾ ನಡೆಯಿರಿ. ಮೊಬೈಲ್ ಒಳಗೆ ಬಿಡುವುದಿಲ್ಲ. ತಮಿಳುನಾಡಿನ ದೇವಸ್ಥಾನಗಳಲ್ಲಿ ಮೊಬೈಲ್ ನಿಷೇಧಿಸುವಂತೆ 2022ರಲ್ಲಿ ಮದ್ರಾಸ್ ಹೈಕೋರ್ಟ್ ಆದೇಶಿಸಿದೆ.

ತೀರ್ಥಸ್ನಾನದ ಕ್ರಮ ಹೀಗೆ. ಮೊದಲು ಕಡಲಿನಲ್ಲಿ, ಅಂದರೆ ಪೂರ್ವ ಗೋಪುರದ ಎದುರಿನ ಅಗ್ನಿತೀರ್ಥದಲ್ಲಿ ಮುಳುಗಬೇಕು. ಒದ್ದೆ ಬಟ್ಟೆಯಲ್ಲೇ ಒಳಗೆ ಹೋಗಿ, ಚೀಟಿ ಪಡೆದು, ಒಂದೊಂದೇ ಬಾವಿಯ ಬಳಿ ನಿಲ್ಲಬೇಕು. ಬಾವಿಕಟ್ಟೆಯ ಮೇಲೆ ನಿಂತವರು ಬಕೆಟ್ಟಿನಲ್ಲಿ ಸೇದಿ ತಲೆಗೆ ಸುರಿಯುತ್ತಾರೆ. ಒಂದರ ನೀರು ತಣ್ಣಗೆ, ಇನ್ನೊಂದರದು ಬೆಚ್ಚಗೆ ಎನಿಸುತ್ತದೆ, ರುಚಿಯೂ ಬೇರೆ ಬೇರೆ. ನೆಲ ಉದ್ದಕ್ಕೂ ಜಾರುತ್ತದೆ. ವಯಸ್ಸಾದವರ ಪಕ್ಕದಲ್ಲಿ ಒಬ್ಬರು ಇರಲೇಬೇಕು. ಒದ್ದೆ ಬಟ್ಟೆಯಲ್ಲಿ ಗರ್ಭಗುಡಿಯ ಕಡೆಗೆ ಬಿಡುವುದಿಲ್ಲ, ಒಣ ಬಟ್ಟೆಯ ಚೀಲ ಜೊತೆಗಿರಲಿ. ಅದನ್ನು ಕಾರಿನಲ್ಲಿ ಮರೆತು ಬಂದು ಒದ್ದೆ ಪಂಚೆಯಲ್ಲಿ ಬೀದಿ ಸುತ್ತುವವರು ದಿನವೂ ಕಾಣಸಿಗುತ್ತಾರೆ.

ದೇವರ ದರ್ಶನ ಕೆಲವೇ ಕ್ಷಣ. ಅದಕ್ಕಿಂತ ಹೆಚ್ಚು ಹೊತ್ತನ್ನು ಹೊರಗಿನ ಮೂರನೆಯ ಪ್ರಾಕಾರಕ್ಕೆ ಕೊಡಿ. ಸಾವಿರದ ಇನ್ನೂರಕ್ಕೂ ಹೆಚ್ಚು ಕಂಬಗಳ ಈ ಸಾಲನ್ನು ರಾಮನಾಥಪುರದ ಸೇತುಪತಿ ಅರಸರು ಹದಿನೆಂಟನೆಯ ಶತಮಾನದಲ್ಲಿ ಮುಗಿಸಿದರು. ಮೂಲೆಯಲ್ಲಿ ನಿಂತು ನೋಡಿದರೆ ಕಂಬಗಳು ಒಂದರೊಳಗೊಂದು ಸೇರುತ್ತ ಕೊನೆಗೆ ಬೆಳಕಿನ ಚುಕ್ಕಿಯಾಗುತ್ತವೆ. ಇಲ್ಲಿನ ಅರ್ಚಕರು ಮಹಾರಾಷ್ಟ್ರ ಮೂಲದವರು, ಶೃಂಗೇರಿ ಮಠದಿಂದ ದೀಕ್ಷೆ ಪಡೆದವರು ಎಂಬುದು ನಮ್ಮವರಲ್ಲಿ ಅನೇಕರಿಗೆ ಗೊತ್ತಿರುವುದಿಲ್ಲ.

ಊಟದ ನಂತರ

ಮಧ್ಯಾಹ್ನದ ಎರಡು ತಾಸು ಬಿಸಿಲಿಗೆ ಬಿಟ್ಟುಕೊಡಿ. ಊಟ ಮುಗಿಸಿ, ಎಲ್ಲಾದರೂ ನೆರಳಿನಲ್ಲಿ ಕುಳಿತು ತಾಟಿನುಂಗು ತಿನ್ನಿ. ಆಮೇಲೆ ಪೇಯ್‌ಕರುಂಬಿನಲ್ಲಿರುವ ಅಬ್ದುಲ್ ಕಲಾಂ ಸ್ಮಾರಕ. ಪಾಂಬನ್ ಕಡೆಗೆ ಹೋಗುವ ಹೆದ್ದಾರಿಯಲ್ಲೇ ಸಿಗುತ್ತದೆ. ಇದು ತೆರೆದದ್ದು 2017ರ ಜುಲೈ 27ರಂದು, ಅವರು ತೀರಿಕೊಂಡು ಸರಿಯಾಗಿ ಎರಡು ವರ್ಷಕ್ಕೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ರಾಮೇಶ್ವರದಲ್ಲಿ ರೈಲು ನಿಲ್ಲುವುದು ರದ್ದಾದಾಗ, ಧನುಷ್ಕೋಡಿ ದಾರಿಯಲ್ಲಿ ಓಡುವ ರೈಲಿನಿಂದ ಎಸೆಯುತ್ತಿದ್ದ ಪತ್ರಿಕೆಯ ಕಟ್ಟುಗಳನ್ನು ಹುಡುಗ ಕಲಾಂ ಹೆಕ್ಕಿ ತರುತ್ತಿದ್ದರು. ಬೆಳಗ್ಗೆ ನೀವು ಹೋಗಿಬಂದದ್ದು ಅದೇ ದಿಕ್ಕಿಗೆ. ಅವರ ತಂದೆ ಯಾತ್ರಿಕರನ್ನು ಧನುಷ್ಕೋಡಿಗೆ ಕರೆದೊಯ್ಯಲು ದೋಣಿ ಕಟ್ಟಿದ್ದವರು.

ಸಮಯ ಉಳಿದರೆ ಗಂಧಮಾದನ ಪರ್ವತ. ‘ಪರ್ವತ’ ಎಂಬ ಹೆಸರು ನೋಡಿ ಹೆದರಬೇಡಿ, ದೇವಸ್ಥಾನದಿಂದ ಮೂರು ಕಿ.ಮೀ. ದೂರದ ಮರಳುದಿಬ್ಬ ಅದು. ದ್ವೀಪದ ಅತಿ ಎತ್ತರದ ಜಾಗ ಅದೇ ಆದ್ದರಿಂದ ಬೆಳಗಿನಿಂದ ಓಡಾಡಿದ್ದೆಲ್ಲ ಮೇಲಿನಿಂದ ಒಮ್ಮೆಗೇ ಕಾಣುತ್ತದೆ. ಕಡಲಿನೊಳಗೆ ಸಿಹಿನೀರಿನ ಬಾವಿಯಿರುವ ವಿಲ್ಲೂಂಡಿ ತೀರ್ಥ, 1897ರ ಜನವರಿಯಲ್ಲಿ ವಿದೇಶದಿಂದ ಮರಳಿದ ವಿವೇಕಾನಂದರು ಬಂದಿಳಿದ ನೆನಪಿಗೆ ಕುಂತುಕಾಲ್‌ನಲ್ಲಿ ಕಟ್ಟಿರುವ ಮಂಟಪ: ಇವೆರಡರಲ್ಲಿ ಒಂದನ್ನು ಮಾತ್ರ ಆರಿಸಿಕೊಳ್ಳಿ. ಎಲ್ಲವನ್ನೂ ತುರುಕಲು ಹೋದರೆ ಸಂಜೆಯ ಸೇತುವೆ ತಪ್ಪಿಹೋಗುತ್ತದೆ. ನಾನಾದರೆ ಕುಂತುಕಾಲ್, ಅದು ಪಾಂಬನ್‌ಗೆ ಹತ್ತಿರ.

ಸಂಜೆ 5: ಮತ್ತೆ ಸೇತುವೆಗೆ

ಸೇತುವೆ ಶುರುವಾಗುವ ಮೊದಲೇ ಪಾಂಬನ್ ಬದಿಯಲ್ಲಿ ಕಾರು ನಿಲ್ಲಿಸಿ, ಅಂಚಿನ ಕಾಲುದಾರಿಯಲ್ಲಿ ನಡೆದು ಹೋಗಿ. ಟೋಪಿ, ಕನ್ನಡಕ, ಸೆರಗು ಭದ್ರ; ಗಾಳಿ ಕಿತ್ತುಕೊಂಡದ್ದನ್ನು ಕಡಲು ವಾಪಸ್ ಕೊಡುವುದಿಲ್ಲ.

1914ರ ರೈಲು ಸೇತುವೆಯ ನಡುವಿನ ಭಾಗ ಎರಡು ರೆಕ್ಕೆಗಳಂತೆ ಮೇಲಕ್ಕೆ ತೆರೆದುಕೊಳ್ಳುತ್ತಿತ್ತು, ಕೆಲಸಗಾರರು ಸನ್ನೆಕೋಲುಗಳನ್ನು ಕೈಯಿಂದ ತಿರುಗಿಸಿ ತೆರೆಯುತ್ತಿದ್ದರು. ಗಾಳಿಯ ವೇಗ ಗಂಟೆಗೆ 58 ಕಿ.ಮೀ. ದಾಟಿದರೆ ರೈಲು ಬಿಡುತ್ತಿರಲಿಲ್ಲ. 1964ರಲ್ಲಿ ಚಂಡಮಾರುತ ಕಿತ್ತು ಹಾಕಿದ್ದ ಈ ಸೇತುವೆಯನ್ನು ಇ. ಶ್ರೀಧರನ್ ನೇತೃತ್ವದ ತಂಡ 46 ದಿನಗಳಲ್ಲಿ ಮತ್ತೆ ನಿಲ್ಲಿಸಿತು. 2022ರ ಡಿಸೆಂಬರ್‌ನಲ್ಲಿ ಅದರ ಮೇಲೆ ರೈಲು ನಿಂತಿತು. ಈಗ ರೈಲು ಓಡುವುದು 2025ರ ಏಪ್ರಿಲ್ 6ರ ರಾಮನವಮಿಯಂದು ಉದ್ಘಾಟನೆಯಾದ ಹೊಸ ಸೇತುವೆಯ ಮೇಲೆ. ಇದರ 72.5 ಮೀಟರ್ ಉದ್ದದ ತುಂಡು ಮಡಚುವುದಿಲ್ಲ, ಲಿಫ್ಟಿನಂತೆ ಇಡಿಯಾಗಿ 17 ಮೀಟರ್ ಮೇಲೇರುತ್ತದೆ. ಹಡಗು ದಾಟುವ ಹೊತ್ತಿಗೆ ನೀವು ಅಲ್ಲಿದ್ದರೆ ನಿಮ್ಮ ಅದೃಷ್ಟ. ರೈಲು ದಾಟುವುದನ್ನಾದರೂ ನೋಡಬೇಕೆಂದಿದ್ದರೆ ಮೊದಲೇ ವೇಳಾಪಟ್ಟಿ ನೋಡಿ, ಹತ್ತು ನಿಮಿಷ ಮುಂಚೆ ಸ್ಥಳ ಹಿಡಿಯಿರಿ.

ಬೆಳಕು ಇಳಿಯುವ ಮೊದಲು ಹೊರಡಿ. ಬೆಳಗ್ಗೆ ಸೂರ್ಯ ಎದುರಿಗಿದ್ದಂತೆ ಈಗಲೂ ಎದುರಿಗೇ ಇರುತ್ತಾನೆ, ಪಶ್ಚಿಮಕ್ಕೆ ಹೋಗುತ್ತಿದ್ದೀರಲ್ಲ. ಗಾಜನ್ನು ಮತ್ತೊಮ್ಮೆ ಒದ್ದೆ ಬಟ್ಟೆಯಿಂದ ಒರೆಸಿಕೊಳ್ಳಿ, ಒಳಗಿನಿಂದಲೂ.

ರಾಮನಾಥಪುರದಲ್ಲೋ ಮಧುರೈಯಲ್ಲೋ, ಮರುದಿನ ಊರಿಗೆ ಹೊರಡುವ ಮುನ್ನ, ಕಾರು ತೊಳೆಯುವ ಜಾಗ ಹುಡುಕಿ ಅಡಿಭಾಗಕ್ಕೆ ಸಿಹಿನೀರು ಹೊಡೆಸಿ. ಮೇಲಿನ ಧೂಳು ಇದ್ದರೂ ಚಿಂತೆಯಿಲ್ಲ. ಚಕ್ರದ ಕಮಾನು, ಸೈಲೆನ್ಸರ್, ಬಾಗಿಲಿನ ಕೆಳಗಿನ ಅಂಚು, ಬಾನೆಟ್ಟಿನ ಮುಂದಿನ ಜಾಲರಿ, ಉಪ್ಪು ಕೂರುವುದು ಅಲ್ಲಿ. ಎಂಜಿನ್ ಮೇಲೆ ನೀರು ಬಿಡಲು ಹೇಳಬೇಡಿ. ಮ್ಯಾಟುಗಳನ್ನು ಹೊರಗೆ ಕೊಡವಿ. ಏನೇ ಮಾಡಿದರೂ ಎರಡು ತಿಂಗಳ ಮೇಲೊಂದು ದಿನ, ಹಿಂದಿನ ಸೀಟಿನ ಬೆಲ್ಟ್ ಎಳೆದಾಗ, ಒಂದು ಹಿಡಿ ಬಿಳಿ ಮರಳು ತೊಡೆಯ ಮೇಲೆ ಸುರಿಯುತ್ತದೆ.